ಕೇಳಿ ತೆಗೆದುಕೊಳ್ಳಿ: ಸೊರಬ, ಶಿಕಾರಿಪುರ ಸೀಮೆಯವರಿಗೊಂದು ಮನವಿ



ನಿಮ್ಮ ಹೆಬ್ಬೆಟ್ಟಿನ ಗುರುತು, ಮುಖದ ಫೋಟೊ, ಜಾತಿ, ಕಾಯಿಲೆ, ಪಹಣಿ, ಬ್ಯಾಂಕಿನ ಖಾತೆ, ಇವು ಯಾವುವೂ ಈಗ ನಿಮ್ಮ ಮನೆಯ ಟ್ರಂಕಿನೊಳಗೆ ಮಾತ್ರ ಇಲ್ಲ. ಒಂದೊಂದೂ ಒಂದೊಂದು ಇಲಾಖೆಯ, ಕಂಪನಿಯ ಕಂಪ್ಯೂಟರಿನಲ್ಲಿ ಹೋಗಿ ಕೂತಿದೆ. ಅಲ್ಲಿ ಅದನ್ನು ಯಾರು ನೋಡಬಹುದು, ಎಷ್ಟು ವರ್ಷ ಇಟ್ಟುಕೊಳ್ಳಬಹುದು, ಸೋರಿಹೋದರೆ ಯಾರ ಹೊಣೆ ಎಂದು ಹೇಳುವ ಕಾನೂನು ದೇಶದಲ್ಲಿ ಒಂದು ಬಂದಿದೆ. ಬಂದದ್ದು ಒಳ್ಳೆಯದೇ. ಆದರೆ ಅದರಲ್ಲಿ ಕೂಲಿ ಮಾಡುವವರಿಗೆ, ಪಿಂಚಣಿಗೆ ಸಾಲು ನಿಲ್ಲುವವರಿಗೆ ಸಿಗುವ ರಕ್ಷಣೆ ತೀರಾ ತೆಳು. ಅದನ್ನು ತಿದ್ದಿಸಲು ನೀವು ಬಾಯಿ ತೆರೆಯಬೇಕು, ನಿಮ್ಮ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಬೇಕು ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಇದೆಲ್ಲ ಬೆಂಗಳೂರಿನ ಸಾಫ್ಟ್‌ವೇರ್‌ನವರ ಚಿಂತೆ, ನಮಗೇಕೆ ಎನ್ನುವವರು ಇದ್ದಾರೆ. ಅವರಿಗೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ನೆನಪಿಸಬೇಕು.

ವರದಾ ನದಿಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ ಗುಡ್ಡದ ಮೇಲಿನ ರೇಣುಕಾಂಬೆಯ ಗುಡಿಗೆ ನಡೆಯುವ ಬೆತ್ತಲೆ ಸೇವೆಯ ಹರಕೆ ಹಿಂದೆ ಇಲ್ಲಿತ್ತು. ಹರಕೆ ಹೊರುತ್ತಿದ್ದವರಲ್ಲಿ ಹೆಚ್ಚಿನವರು ಬಡವರು, ದಲಿತ ಮತ್ತು ಹಿಂದುಳಿದ ಜಾತಿಗಳ ಹೆಂಗಸರು. ಬರಬರುತ್ತ ಜಾತ್ರೆಗೆ ಭಕ್ತರ ಜೊತೆ ನೋಡಲೆಂದೇ ಬರುವವರು ಹೆಚ್ಚಿದರು, ಕ್ಯಾಮೆರಾ ಹಿಡಿದವರು ಬಂದರು. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರೂ ಇತರ ಕಾರ್ಯಕರ್ತರೂ ಈ ಸೇವೆ ನಿಲ್ಲಿಸಿ ಎಂದು ತಿಳಿಹೇಳಲು ಹೋದಾಗ ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನೂ ಪೊಲೀಸರನ್ನೂ, ಹೆಣ್ಣು ಪೊಲೀಸರೆಂದೂ ನೋಡದೆ, ಹೊಡೆದು ಬಟ್ಟೆ ಕಿತ್ತು ನಡೆಸಿದರು. ದೇಶವೆಲ್ಲ ಸುದ್ದಿಯಾಯಿತು. ವಿಚಾರಣೆ ನಡೆಯಿತು, ಬೆತ್ತಲೆ ಸೇವೆ ನಿಷೇಧವಾಯಿತು. ತೀರ್ಥಹಳ್ಳಿ ಸೀಮೆಯವರೇ ಆದ ಯು.ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದು ಎಂದು ಕೇಳಿ ಬರೆದದ್ದರಿಂದ ನಂಬಿಕೆ ದೊಡ್ಡದೋ ವಿಚಾರ ದೊಡ್ಡದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು.

ಆ ಚರ್ಚೆಯಲ್ಲಿ ಯಾವ ಪಕ್ಷದವರೇ ಆಗಿರಿ, ಒಂದು ಪ್ರಶ್ನೆಗೆ ಇಬ್ಬರೂ ಉತ್ತರಿಸಬೇಕಾಗುತ್ತದೆ. ಹರಕೆ ತೀರಿಸಲು ಬಂದ ಆ ಹೆಂಗಸರ ಫೋಟೊ ತೆಗೆಯುವ ಮೊದಲು ಅವರನ್ನು ಯಾರಾದರೂ ಕೇಳಿದ್ದರೇ? ಅವರು ಬೆತ್ತಲಾದದ್ದು ತಾಯಿಯ ಮುಂದೆ. ಕ್ಯಾಮೆರಾ ಅದನ್ನು ಊರೂರಿನ ಕಣ್ಣಿಗೆ ಹರಡಿತು. ಅದಕ್ಕೆ ಅವರು ಹೂಂ ಅಂದಿರಲಿಲ್ಲ.

ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕ ಮಹಾದೇವಿ ಉಟ್ಟದ್ದನ್ನೂ ತೊರೆದು ಹೊರಟಳು ಎಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಅದು ಅವಳೇ ಮಾಡಿದ ತೀರ್ಮಾನ, ಅದಕ್ಕೇ ಅದು ಹಿರಿದಾಯಿತು. ಜಾತ್ರೆಯ ಬಯಲಿನಲ್ಲಿ ಪೊಲೀಸ್ ಹೆಣ್ಣುಮಗಳ ಸಮವಸ್ತ್ರ ಕಿತ್ತದ್ದು ಗುಂಪಿನ ತೀರ್ಮಾನ, ಅದಕ್ಕೇ ಅದು ಅಪರಾಧ. ಈ ಎರಡರ ನಡುವಿನ ಅಂತರ ಒಪ್ಪಿಗೆ. ಮಾಹಿತಿಯ ಖಾಸಗಿತನ ಎಂದು ಈಗ ದೊಡ್ಡ ಹೆಸರಿನಲ್ಲಿ ಕರೆಯುವುದರ ತಿರುಳೂ ಇಷ್ಟೆ: ನನ್ನದನ್ನು ಯಾರಿಗೆ, ಯಾತಕ್ಕೆ, ಎಷ್ಟು ತೋರಿಸಬೇಕೆಂದು ಹೇಳುವವಳು ನಾನು.

ಕ್ಯಾಮೆರಾ ಈಗ ಕೆರೆ ಏರಿಯ ಮೇಲೆ

ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದವರಿಗೆ ಗೊತ್ತು. ಬೆಳಿಗ್ಗೆ ಕೆಲಸ ಶುರುವಾಗುವಾಗ ಒಂದು ಫೋಟೊ, ಮಧ್ಯಾಹ್ನದ ಮೇಲೆ ಇನ್ನೊಂದು. ಕೂಲಿಕಾರರ ಗುಂಪಿನ ಮೇಲ್ವಿಚಾರಕರಾದ ಕಾಯಕ ಬಂಧು ಮೊಬೈಲ್ ಹಿಡಿದು, ನೆಟ್‌ವರ್ಕ್ ಸಿಗುವ ಕಡೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಆ್ಯಪ್ಪಿನಲ್ಲಿ ಹಾಜರಿ ಹಾಕುತ್ತಾರೆ. ಸೀರೆ ಮೇಲೆತ್ತಿ ಕಟ್ಟಿ, ಗಂಡನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ ಕೆಸರಲ್ಲಿ ನಿಂತ ಹೆಂಗಸರು ಹಾಗೇ ಫೋಟೊದಲ್ಲಿ ಬೀಳುತ್ತಾರೆ. 2023ರ ಜನವರಿಯಿಂದ ಈ ಆ್ಯಪ್ ಹಾಜರಿ ದೇಶದಾದ್ಯಂತ ಕಡ್ಡಾಯವಾಯಿತು. ಹಾಗೆ ಏರಿಸಿದ ಫೋಟೊಗಳು ಸರ್ಕಾರದ ವೆಬ್‌ಸೈಟಿನಲ್ಲಿ ಊರಿನ ಹೆಸರು, ತಾರೀಖಿನ ಸಮೇತ ಯಾರು ಬೇಕಾದರೂ ತೆರೆದು ನೋಡುವಂತಿದ್ದವು. ಕೂಲಿ ಕೊಡಲು ಹಾಜರಿ ಬೇಕು, ಒಪ್ಪೋಣ. ಜಗತ್ತಿನ ಮುಂದೆ ಮುಖ ತೋರಿಸುವುದು ಯಾವ ಕೂಲಿಯ ಷರತ್ತು?

ಕಳ್ಳ ಹಾಜರಿ ತಡೆಯಲು ಇದು ಬೇಕೇಬೇಕು ಎಂದು ಸರ್ಕಾರದವರು ಹೇಳಿದರು. ಆದರೆ 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದ ಪತ್ರದಲ್ಲಿ, ಸಂಬಂಧವಿಲ್ಲದ ಫೋಟೊ, ಫೋಟೊದ ಫೋಟೊ ಏರಿಸುತ್ತಿದ್ದಾರೆ ಎಂದು ದೂರಿತು. ಕಳ್ಳತನ ಮಾಡುವವರು ದಾರಿ ಕಂಡುಕೊಂಡರು. ದುಡಿದವರು ದಿನಕ್ಕೆರಡು ಸಲ ಮುಖ ಕೊಟ್ಟರು.

ಅಂಗನವಾಡಿಗೂ ಇದೇ ಬಂದಿದೆ. 2025ರ ಜುಲೈ 1ರಿಂದ ಗರ್ಭಿಣಿ, ಬಾಣಂತಿಯರಿಗೆ ಮನೆಗೆ ಒಯ್ಯುವ ಆಹಾರ ಕೊಡುವಾಗ ಮುಖ ಹೊಂದಿಸಿ ನೋಡುವ ಪದ್ಧತಿ ಕಡ್ಡಾಯವಾಯಿತು. ಬಾಣಂತಿ ಕೋಣೆಯಿಂದ ಎದ್ದು ಬಂದವಳು ಮೊಬೈಲಿನ ಮುಂದೆ ಕಣ್ಣು ಮಿಟುಕಿಸಬೇಕು. ಹೊಂದದಿದ್ದರೆ ಮತ್ತೆ ಮಿಟುಕಿಸಬೇಕು. ಅಂಗನವಾಡಿ ಟೀಚರ್‌ಗೂ ಇದು ಬೇಡದ ತಲೆನೋವು.

ಅಡಿಕೆ ಸುಲಿಯುವ ಬೆರಳು

ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂರುವ ಹೆಂಗಸರ ಬೆರಳು ನೋಡಿ. ಚೊಗರು ಕೂತು ಕಪ್ಪಾಗಿ, ತುದಿ ಒಡೆದು, ಗೆರೆಗಳು ಸವೆದಿರುತ್ತವೆ. ಆ ಬೆರಳು ಹಿಡಿದು ನ್ಯಾಯಬೆಲೆ ಅಂಗಡಿಗೆ, ಪಿಂಚಣಿ ಕೊಡುವ ಬ್ಯಾಂಕ್ ಮಿತ್ರರ ಬಳಿಗೆ ಹೋಗಬೇಕು.

"ಬರ್ತಾ ಇಲ್ಲ ಅಜ್ಜಿ, ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ."

ಅಜ್ಜಿ ಸೆರಗಿಗೆ ಒರೆಸಿ ಒತ್ತುತ್ತಾಳೆ. ಬಲಗೈ ಆಗದಿದ್ದರೆ ಎಡಗೈ, ಹೆಬ್ಬೆಟ್ಟು ಆಗದಿದ್ದರೆ ತೋರುಬೆರಳು. ಯಾವ ಒತ್ತು ಯಾತಕ್ಕೆ ಹೋಯಿತು? ಒಂದು ಸಲ ಒತ್ತಿದ್ದಕ್ಕೆ ಹಣ ಬಂತೋ, ಮೂರು ಸಲ ಒತ್ತಿದ್ದಕ್ಕೆ ಮೂರು ಸಲ ಹೋಯಿತೋ? ಚೀಟಿ ಕೊಡದಿದ್ದರೆ ತಿಳಿಯುವುದಿಲ್ಲ. ಬ್ಯಾಂಕ್ ಮಿತ್ರರು ಎಲ್ಲರೂ ಕೆಟ್ಟವರೆಂದು ಇದರರ್ಥವಲ್ಲ. ಹೆಚ್ಚಿನವರು ನಮ್ಮ ಮಕ್ಕಳೇ, ಕಡಿಮೆ ಕಮಿಷನ್ನಿಗೆ ದಿನವಿಡೀ ದುಡಿಯುವವರು. ಆದರೆ ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆ ಕೈಕೊಟ್ಟ ದಿನ ಅಜ್ಜಿಯ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ವ್ಯವಸ್ಥೆ ಕೈಕೊಟ್ಟದ್ದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಜಮೀನು, ಸೈಟು ನೋಂದಣಿ ಮಾಡುವ ಕಾವೇರಿ ತಂತ್ರಾಂಶದಲ್ಲಿ ಕ್ರಯಪತ್ರಗಳ ಜೊತೆ ಜನರ ಬೆರಳಚ್ಚು, ಆಧಾರ್ ಸಂಖ್ಯೆ ಕಾಣುವಂತಿದ್ದವು. 2023ರಲ್ಲಿ ವಂಚಕರು ಅಲ್ಲಿಂದ ಬೆರಳಚ್ಚು ಎತ್ತಿ, ಆಧಾರ್ ಆಧಾರಿತ ಪಾವತಿಯ ಮೂಲಕ ಖಾತೆಗಳಿಂದ ಹಣ ತೆಗೆದ ದೂರುಗಳು ಬೆಂಗಳೂರಿನಲ್ಲಿ ಒಂದರ ಹಿಂದೊಂದು ಬಂದವು. ಒಟಿಪಿ ಇಲ್ಲ, ಪಿನ್ ಇಲ್ಲ, ಕೈಬೆರಳೇ ಬೀಗದ ಕೈ. ಆಮೇಲೆ ದಾಖಲೆಗಳಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆ ಮರೆಮಾಡುವ ಕ್ರಮಕ್ಕೆ ಸರ್ಕಾರ ಮುಂದಾಯಿತು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಬೆರಳನ್ನು ಎಲ್ಲಿ ಬದಲಿಸುವುದು? ತಂದೆಯಿಂದ ಬಂದ ಅರ್ಧ ಎಕರೆ ತೋಟದ ಪಾಲುಪತ್ರಕ್ಕೆ ಸೊರಬದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತಿದ ಹೆಬ್ಬೆಟ್ಟು ಸುರಕ್ಷಿತವಾಗಿರಬೇಕು ಎಂದು ಕೇಳುವುದು ಅತಿ ಆಸೆಯೇನೂ ಅಲ್ಲ.

ಜಾತಿ ಮತ್ತು ಕಾಯಿಲೆ

"ನಾವೇನು ಕಳ್ಳತನ ಮಾಡಿದ್ದೀವಾ, ಮುಚ್ಚಿಡೋದು ಏನಿದೆ?" ಎಂದು ಕೇಳುವವರು ಪ್ರತಿ ಊರಲ್ಲೂ ಇದ್ದಾರೆ. ಮಗಳ ಮದುವೆ ಮಾತುಕತೆ ನಡೆಯುತ್ತಿರುವಾಗ ಮನೆಯವರ ಕ್ಷಯದ ಚಿಕಿತ್ಸೆಯ ವಿವರ ಬೀಗರಿಗೆ ತಲುಪಿದರೆ ಏನಾಗುತ್ತದೆ? ಬಾಡಿಗೆ ಮನೆ ಹುಡುಕುವ ಹುಡುಗನ ಜಾತಿ ಮಾಲೀಕನ ಮೊಬೈಲಿಗೆ ಮೊದಲೇ ಬಂದಿದ್ದರೆ? ಯಾವ ಬೂತಿನಲ್ಲಿ ಯಾರ ಮನೆ ಯಾವ ಜಾತಿ, ಯಾವ ಭಾಷೆ ಎಂಬ ಪಟ್ಟಿ ಚುನಾವಣೆಗೆ ಮೊದಲು ಒಬ್ಬರ ಕೈ ಸೇರಿದರೆ?

ಕೊನೆಯದು ಬರೀ ಊಹೆಯಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಬಿದ್ದ ಚಿಲುಮೆ ಪ್ರಕರಣದಲ್ಲಿ ಇದೇ ಆರೋಪ ಕೇಳಿಬಂತು. ಮತದಾರರ ಜಾಗೃತಿಗೆಂದು ಬಿಬಿಎಂಪಿಯ ಅನುಮತಿ ಪಡೆದ ಚಿಲುಮೆ ಸಂಸ್ಥೆಯ ಕಡೆಯವರು ಮತಗಟ್ಟೆ ಅಧಿಕಾರಿಗಳೆಂದು ಹೇಳಿಕೊಂಡು ಮನೆಮನೆಯ ವಿವರ ಸಂಗ್ರಹಿಸಿದರು ಎಂದು ಪ್ರಕರಣ ದಾಖಲಾಯಿತು, ಬಂಧನಗಳಾದವು, ಅಧಿಕಾರಿಗಳು ಅಮಾನತಾದರು.

ಕಾಯಿಲೆಯ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಅನುಭವವಿದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ಊರಿನ ಹೆಸರು ಇಂದಿಗೂ ರೋಗದ ಹೆಸರಾಗಿಯೇ ಇದೆ. ರೋಗದ ಹೆಸರು ಊರಿಗೆ ಅಂಟಿದರೆ ಊರು ಹೇಗೋ ತಡೆದುಕೊಳ್ಳುತ್ತದೆ, ಒಂದು ಮನೆಗೆ ಅಂಟಿದರೆ ಆ ಮನೆಗೆ ಹಾಲು ಹಾಕುವವರೂ ಬರುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಶುರುವಾದಾಗ ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ಮನೆ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಬಹಿರಂಗ ಮಾಡಿತು. ಗಂಟೆಗೊಮ್ಮೆ ಸೆಲ್ಫಿ ಕಳಿಸಿ ಎಂದು ಆ್ಯಪ್ ತಂದಿತು. ಪಟ್ಟಿ ವಾಟ್ಸ್ಆ್ಯಪ್ಪಿನಲ್ಲಿ ಓಡಾಡಿತು. ಹೀಗೆ ಹೆಸರು ಬಯಲಾಗುತ್ತದೆಂದು ಗೊತ್ತಾದರೆ ಜ್ವರ ಬಂದವರು ಆಶಾ ಕಾರ್ಯಕರ್ತೆಗೆ ಹೇಳುವುದನ್ನೇ ಬಿಡುತ್ತಾರೆ. ಗುಟ್ಟು ಉಳಿಯುತ್ತದೆ ಎಂಬ ಭರವಸೆ ಇದ್ದರೆ ಮಾತ್ರ ಜನ ಬಂದು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ.

ಹಾಗೆಂದು ಲೆಕ್ಕವೇ ಬೇಡ ಎನ್ನುತ್ತಿಲ್ಲ. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗ ಶುರುಮಾಡಿದ ಸಮೀಕ್ಷೆಯಲ್ಲಿ ಮೇಷ್ಟ್ರುಗಳು ಮನೆಮನೆಗೆ ಬಂದು 60 ಪ್ರಶ್ನೆ ಕೇಳಿದರು. ಜಾತಿಯ ಲೆಕ್ಕ ಸಿಗದೆ ಮೀಸಲಾತಿಯ ನ್ಯಾಯ ಸಿಗುವುದಿಲ್ಲ. ಈ ಸಮೀಕ್ಷೆಗೆ ತಡೆ ಕೊಡಲು ಹೈಕೋರ್ಟ್ ಒಪ್ಪಲಿಲ್ಲ. ಆದರೆ ಉತ್ತರ ಕೊಡುವುದು ಜನರ ಇಚ್ಛೆ, ಅದನ್ನು ಅವರಿಗೆ ತಿಳಿಸಬೇಕು, ಸಂಗ್ರಹಿಸಿದ ವಿವರ ಗೋಪ್ಯವಾಗಿರಬೇಕು ಎಂದು ಹೇಳಿತು. ಇದೇ ಸರಿಯಾದ ದಾರಿ. ಎಣಿಕೆ ನಡೆಯಲಿ, ಹೆಸರು ಕಾಪಾಡಲಿ. ಆದರೆ ಪ್ರತಿ ಸಲ ಯಾರೋ ಕೋರ್ಟಿಗೆ ಹೋದ ಮೇಲೆ ಸಿಗುವ ರಕ್ಷಣೆ ಸಾಲದು. ಅದು ಕಾನೂನಿನಲ್ಲೇ ಬರೆದಿರಬೇಕು.

ಕಾನೂನು ಬಂತು, ಕೊರತೆ ಉಳಿಯಿತು

ಖಾಸಗಿತನ ಮೂಲಭೂತ ಹಕ್ಕೆಂದು ದೇಶಕ್ಕೆ ಹೇಳಿಸಿದವರು ಕನ್ನಡನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು: ಖಾಸಗಿತನ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಇದೆ. ಸರ್ಕಾರ ಅದಕ್ಕೆ ಕೈಹಾಕಬೇಕಾದರೆ ಕಾನೂನಿನ ಬಲವಿರಬೇಕು, ಸರಿಯಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈಹಾಕಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಆ ತೀರ್ಪಿನ ಬೆನ್ನಿಗೆ 2018ರಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಕರಡು ಕಾನೂನು ಕೊಟ್ಟಿತು. ಜಾತಿ, ಆರೋಗ್ಯ, ಬೆರಳಚ್ಚಿನಂಥ ವಿವರಗಳನ್ನು ಅದು ಸೂಕ್ಷ್ಮ ಮಾಹಿತಿ ಎಂದು ಬೇರೆಯಾಗಿಟ್ಟು ಹೆಚ್ಚಿನ ರಕ್ಷಣೆ ಕೊಟ್ಟಿತ್ತು. 2023ರ ಆಗಸ್ಟ್‌ನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವಿಂಗಡಣೆ ಇಲ್ಲ. ನಿಮ್ಮ ಬೆರಳಚ್ಚಿಗೂ ಅಂಗಡಿಯವನ ಬಳಿ ಇರುವ ನಿಮ್ಮ ಫೋನ್ ನಂಬರಿಗೂ ಒಂದೇ ತಕ್ಕಡಿ.

ಕಾಯ್ದೆಯಲ್ಲಿ ಒಳ್ಳೆಯದೂ ಇದೆ. ಅದು ಪೂರ್ತಿ ಜಾರಿಗೆ ಬಂದಾಗ ನಿಮ್ಮ ಬಗ್ಗೆ ಏನಿಟ್ಟುಕೊಂಡಿದ್ದಾರೆಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಅಳಿಸಿಹಾಕಿಸುವ ಹಕ್ಕು ಸಿಗುತ್ತದೆ. ಒಪ್ಪಿಗೆ ಕೇಳುವ ಪತ್ರ ಕನ್ನಡದಲ್ಲೇ ಬೇಕೆಂದು ಕೇಳಬಹುದು. ಮಾಹಿತಿ ಸೋರಿದರೆ ನಿಮಗೆ ತಿಳಿಸಲೇಬೇಕು. ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು.

ಆದರೆ ಆ ದಂಡ ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ನಷ್ಟ ಅನುಭವಿಸಿದ ಅಜ್ಜಿಗೆ ಈ ಕಾಯ್ದೆಯಲ್ಲಿ ಪರಿಹಾರವಿಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂನಲ್ಲಿ ಪರಿಹಾರ ಕೇಳಲು ಇದ್ದ ದಾರಿಯನ್ನೂ ಇದು ತೆಗೆದುಹಾಕುತ್ತದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣ ಕೊಟ್ಟು ಯಾವುದೇ ಸರ್ಕಾರಿ ಸಂಸ್ಥೆಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡುವ ಅಧಿಕಾರ ಕೇಂದ್ರದ ಕೈಯಲ್ಲಿದೆ. ದೂರು ಕೇಳುವ ಮಂಡಳಿಯನ್ನು ನೇಮಿಸುವುದೂ ಕೇಂದ್ರವೇ. ಸಬ್ಸಿಡಿ, ಸೌಲಭ್ಯ ಕೊಡುವಾಗ ಹೊಸದಾಗಿ ಒಪ್ಪಿಗೆ ಕೇಳದೆ ಮಾಹಿತಿ ಬಳಸಲು ಸರ್ಕಾರಕ್ಕೆ ಅವಕಾಶವಿದೆ. ಸೌಲಭ್ಯಕ್ಕೆ ಹೆಚ್ಚು ಕಾಯುವವರು ಯಾರು? ಹೆಚ್ಚು ಬಯಲಾಗುವವರೂ ಅವರೇ.

ಇನ್ನೊಂದು ಸಂಗತಿ ಗಮನಿಸಿ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ನಮ್ಮನ್ನು ಕಾಯುವ ಮುಖ್ಯ ಕಲಂಗಳು ಜಾರಿಗೆ ಬರಲು 18 ತಿಂಗಳ ಗಡುವು, ಎಂದರೆ 2027ರ ಮೇ. ಆದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂಗೆ ಮಾಡಿದ ತಿದ್ದುಪಡಿ ಮಾತ್ರ ಕೂಡಲೇ ಜಾರಿಯಾಯಿತು. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧಪಡದ ಖಾಸಗಿ ವಿವರವನ್ನಷ್ಟೇ ನಿರಾಕರಿಸಬಹುದಿತ್ತು. ಈಗ ವೈಯಕ್ತಿಕ ಮಾಹಿತಿ ಎಂದರೆ ಸಾಕು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದೆಂಬ 8(2) ಕಲಂ ಉಳಿದಿದೆ ನಿಜ. ಆದರೆ ಅದನ್ನು ಹಿಡಿದು ಮೇಲ್ಮನವಿಗೆ ಓಡಾಡುವ ಕಷ್ಟ ಅರ್ಜಿದಾರನದು. ರಸ್ತೆ ಕಾಮಗಾರಿಯ ಬಿಲ್ಲಿಗೆ ಸಹಿ ಹಾಕಿದವರು ಯಾರೆಂದು ಕೇಳಿದರೆ ವೈಯಕ್ತಿಕ ಎನ್ನಬಹುದು. ಕೆರೆಯಲ್ಲಿ ಮಣ್ಣು ಹೊತ್ತವಳ ಮುಖ ಮಾತ್ರ ಬಹಿರಂಗವಾಯಿತು. ಖಾಸಗಿತನ ಬಲವಿಲ್ಲದವರಿಗೆ ಗುರಾಣಿಯಾಗಬೇಕು, ಲೆಕ್ಕ ಒಪ್ಪಿಸಬೇಕಾದವರಿಗೆ ಪರದೆಯಾಗಬಾರದು.

ನಾವು ಕೇಳಬೇಕಾದದ್ದು

ಸಂಸತ್ತಿನಿಂದ: ಜಾತಿ, ಆರೋಗ್ಯ, ಬೆರಳಚ್ಚು, ಮುಖದ ವಿವರಗಳಿಗೆ ಪ್ರತ್ಯೇಕ ರಕ್ಷಣೆ. ಮಾಹಿತಿ ಸೋರಿ ನಷ್ಟವಾದವರಿಗೆ ಪರಿಹಾರ. ಸರ್ಕಾರದ ಹಿಡಿತದಿಂದ ಹೊರಗಿರುವ ಮಂಡಳಿ. ವಿನಾಯಿತಿ ಕೊಡುವುದಾದರೆ ಕಾರಣ ಬರೆದು, ಪುಟ್ಟಸ್ವಾಮಿ ತೀರ್ಪಿನ ಒರೆಗೆ ಹಚ್ಚಿ ಕೊಡುವುದು. ಮಾಹಿತಿ ಹಕ್ಕು ಕಾಯ್ದೆಯ ಹಳೆಯ ಕಲಂ ವಾಪಸ್ ತರುವುದು.

ರಾಜ್ಯ ಸರ್ಕಾರದಿಂದ: ತನ್ನ ಯೋಜನೆಗಳಿಗೆ ಬೇಕಾದಷ್ಟೇ ವಿವರ ಪಡೆಯುವುದು, ಎಷ್ಟು ವರ್ಷ ಇಟ್ಟುಕೊಳ್ಳುತ್ತೇವೆಂದು ಅರ್ಜಿಯಲ್ಲೇ ಕನ್ನಡದಲ್ಲಿ ಬರೆಯುವುದು. ಬೆರಳು ಬಾರದಿದ್ದರೆ, ಮುಖ ಹೊಂದದಿದ್ದರೆ ರೇಷನ್, ಪಿಂಚಣಿ, ಅಂಗನವಾಡಿಯ ಆಹಾರ ನಿಲ್ಲಿಸದೆ ಬೇರೆ ದಾರಿಯಲ್ಲಿ ಕೊಡುವುದು.

ಗ್ರಾಮ ಪಂಚಾಯಿತಿಯಿಂದ: ಫಲಾನುಭವಿಗಳ ಪಟ್ಟಿ ಹಚ್ಚಲಿ, ಅದು ಬೇಕೇ ಬೇಕು. ಆದರೆ ಅದರಲ್ಲಿ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಫೋನ್ ನಂಬರ್ ಇರಬಾರದು. ಅಂಥ ಪಟ್ಟಿ ವಾಟ್ಸ್ಆ್ಯಪ್ ಗುಂಪಿಗೆ ಹೋಗಲೂಬಾರದು.

ನೀವು ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ. ಜೆರಾಕ್ಸ್ ಅಂಗಡಿಯಲ್ಲಿ, ಸಿಮ್ ಕೊಳ್ಳುವಾಗ, ಸಾಲದ ಆ್ಯಪ್ ಹಾಕುವಾಗ ಇದು ಯಾತಕ್ಕೆ ಎಂದು ಕೇಳಿ. ಆಗುವ ಕಡೆಯೆಲ್ಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ. ಬೆರಳಚ್ಚು ಬಳಸದ ದಿನಗಳಲ್ಲಿ ಆಧಾರ್ ಆ್ಯಪ್ಪಿನಲ್ಲಿ ಅದನ್ನು ಲಾಕ್ ಮಾಡಿಡಿ. ಕಾಲೇಜಿಗೆ ಹೋಗುವ ಮಕ್ಕಳು ಓಣಿಯ ಹಿರಿಯರಿಗೆ ಇಷ್ಟು ಮಾಡಿಕೊಡಲಿ. ಒತ್ತಿದ ಪ್ರತಿ ಹೆಬ್ಬೆಟ್ಟಿಗೂ ಚೀಟಿ ಕೇಳಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರೆದು ಕೊಡಿ.

ಇಷ್ಟರಿಂದ ಕಾನೂನು ಬದಲಾಗುವುದಿಲ್ಲ, ನಿಜ. ಅದಕ್ಕೆ ಒಟ್ಟಾಗಿ ಕೇಳಬೇಕು. 1951ರಲ್ಲಿ ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ಎದುರು ನಿಂತರು. ಅಂದು ಸಣ್ಣ ಊರಿನ ಜಗಳದಂತೆ ಕಂಡದ್ದು ಉಳುವವನ ಹಕ್ಕಿನ ದೊಡ್ಡ ಮಾತಾಗಿ ವಿಧಾನಸಭೆಯವರೆಗೆ ಹೋಯಿತು. ಆ ಸೀಮೆಯವರು ನಾವು.

ಮುಂದಿನ ಗ್ರಾಮಸಭೆಗೆ ಹೋಗುವಾಗ ಕೆಳಗಿನ ಠರಾವನ್ನು ಬರೆದುಕೊಂಡು ಹೋಗಿ. ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ಪಡೆದು ನಮ್ಮ ಸಂಸದರಿಗೂ ಶಾಸಕರಿಗೂ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಓಟು ಕೇಳಲು ಬಂದಾಗ ಆ ರಸೀದಿ ತೋರಿಸಿ ಕೇಳಿ.

"ನಮ್ಮ ಬೆರಳಚ್ಚು, ಮುಖ, ಜಾತಿ ಮತ್ತು ಆರೋಗ್ಯದ ವಿವರಗಳು ನಮ್ಮ ಘನತೆಯ ಭಾಗ. ಅವನ್ನು ನಮ್ಮನ್ನು ಕೇಳಿ, ಬೇಕಾದಷ್ಟೇ ತೆಗೆದುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅಳಿಸಬೇಕು. ಸೋರಿದರೆ ನಷ್ಟ ಕಟ್ಟಿಕೊಡಬೇಕು. ಇವಕ್ಕೆ ಹೆಚ್ಚಿನ ರಕ್ಷಣೆ ಸಿಗುವಂತೆ 2023ರ ಕಾಯ್ದೆಯನ್ನು ತಿದ್ದಬೇಕು, ಮಾಹಿತಿ ಹಕ್ಕನ್ನು ಮೊದಲಿನಂತೆ ಉಳಿಸಬೇಕು. ಯಂತ್ರ ಗುರುತಿಸಲಿಲ್ಲವೆಂದು ಈ ಪಂಚಾಯಿತಿಯ ಯಾರೊಬ್ಬರ ಅನ್ನ, ಕೂಲಿ, ಪಿಂಚಣಿಯೂ ನಿಲ್ಲಬಾರದು ಎಂದು ಈ ಗ್ರಾಮಸಭೆ ಒತ್ತಾಯಿಸುತ್ತದೆ."